ಎಐ ಬಂದ್ರ ಸರ್ ಹೋಗ್ತಾರೇನು? ಇಂಗ್ಲಿಷ್ ಕ್ಲಾಸಿನ ಆ ಡಿಬೇಟ್ ಬಗ್ಗೆ ನನ್ನದೊಂದು ತಕರಾರು

1/9

ಸ್ಪೋಕನ್ ಇಂಗ್ಲಿಷ್ ಕ್ಲಾಸಿಗೆ ಹೋದ ಯಾರನ್ನ ಬೇಕಾದ್ರೂ ಕೇಳ್ರಿ, ಈ ಟಾಪಿಕ್ ಮೇಲೆ ಒಮ್ಮೆಯಾದ್ರೂ ನಿಂತು ಮಾತಾಡಿರ್ತಾರೆ: ‘ವಿಲ್ ಎಐ ರಿಪ್ಲೇಸ್ ಟೀಚರ್ಸ್?’ ನಮ್ಮ ಅಣ್ಣಂದಿರ ಕಾಲಕ್ಕೆ ‘ಮೊಬೈಲ್ ವರವೋ ಶಾಪವೋ’ ಇತ್ತು, ಅದಕ್ಕೂ ಮೊದಲು ಅದೇ ಜಾಗದಲ್ಲಿ ಟಿವಿ ಇತ್ತು. ಈಗ ಎಐ. ಹಾವೇರಿಯಲ್ಲಿ ಬಿ.ಎಡ್. ಕ್ಲಾಸಿನಲ್ಲೂ ಇದೇ, ರಾಣೇಬೆನ್ನೂರಿನ ಕೋಚಿಂಗ್ ಸೆಂಟರಿನಲ್ಲೂ ಇದೇ, ಬ್ಯಾಡಗಿಯ ಪಿಯು ಹುಡುಗರ ಸೆಮಿನಾರಿನಲ್ಲೂ ಇದೇ.

ಮತ್ತೆ ಎಲ್ಲ ಕಡೆ ಅದೇ ಆರು ವಾಕ್ಯ. ‘ಎವೆರಿ ಕಾಯಿನ್ ಹ್ಯಾಸ್ ಟು ಸೈಡ್ಸ್’ ಅಂತ ಶುರು. ‘ಎಐ ಹ್ಯಾಸ್ ನೋ ಎಮೋಷನ್ಸ್’ ಅಂತ ಮಧ್ಯ. ‘ಟೀಚರ್ ಈಸ್ ಲೈಕ್ ಗಾಡ್’ ಅಂತ ಮುಗಿತಾಯ. ಚಪ್ಪಾಳೆ. ಮುಂದಿನವರು ಎದ್ದು ಅದನ್ನೇ ಸ್ವಲ್ಪ ಹಿಂದುಮುಂದು ಮಾಡಿ ಹೇಳ್ತಾರೆ. ಇದರಲ್ಲಿ ದೊಡ್ಡ ತಮಾಷೆ ಏನಂದ್ರೆ, ಆ ಆರು ವಾಕ್ಯ ಅರ್ಧ ಮಂದಿಗೆ ಬರೆದುಕೊಟ್ಟಿರೋದು ಚಾಟ್‌ಜಿಪಿಟಿ! ಎಐ ನಮ್ಮ ಜಾಗ ಹಿಡಿಯೋದಿಲ್ಲ ಅಂತ ಎಐ ಕಡೆಯಿಂದಲೇ ಬರೆಸಿಕೊಂಡು ಬಂದು ಓದ್ತೀವಿ.

ನನ್ನ ತಕರಾರು ಟಾಪಿಕ್ ಮೇಲಲ್ಲ, ಟಾಪಿಕ್ ಛಲೋ ಐತಿ. ಇಂಗ್ಲಿಷ್ ಕಲಿಯೋರಿಗೆ ಇದಕ್ಕಿಂತ ಹತ್ತಿರದ ವಿಷಯ ಸಿಗೋದು ಕಷ್ಟ, ಯಾಕಂದ್ರೆ ಟೀಚರ್ ಎದುರಿಗೇ ನಿಂತಿರ್ತಾರೆ, ಎಐ ಕಿಸೆಯಲ್ಲೇ ಇರುತ್ತೆ. ಅದನ್ನ ನಾವು ಕಲಿಸೋ ರೀತಿ ಮಾತ್ರ ಹಾಳು. ನಾಳೆ ಕ್ಲಾಸಿಗೆ ಹೋಗಿ ಇದನ್ನ ಕಲಿಸಬೇಕಾದವರು ನಾವೇ. ಆ ಡಿಬೇಟಿನಲ್ಲಿ ಪಣಕ್ಕಿಟ್ಟಿರೋ ನೌಕರಿ ಕೂಡ ನಮ್ಮದೇ. ಅದಕ್ಕೇ ಇಷ್ಟುದ್ದ ಬರೀತಿದ್ದೀನಿ. ಪುರಸೊತ್ತು ಮಾಡ್ಕೊಂಡು ಓದ್ರಿ.

2/9

ಮೊದಲು ಆ ‘ರಿಪ್ಲೇಸ್’ ಅನ್ನೋ ಪದ.

ಇದನ್ನ ನಮ್ಮ ಕನ್ನಡಕ್ಕೆ ತರೋಕೆ ಪ್ರಯತ್ನ ಮಾಡಿ ನೋಡ್ರಿ. ಒಂದೇ ಪದದಲ್ಲಿ ಬರೋದಿಲ್ಲ. ‘ಜಾಗಾ ಹಿಡಿಯೋದು’ ಅಂತೀವಿ, ಅಂದ್ರೆ ಕೂತಿದ್ದವರನ್ನ ಎಬ್ಬಿಸಿ ಕೂರೋದು. ‘ಜಾಗಾ ತುಂಬೋದು’ ಅಂತಲೂ ಅಂತೀವಿ, ಅಂದ್ರೆ ಖಾಲಿ ಇದ್ದ ಕಡೆ ಹೋಗಿ ಕೂರೋದು. ಇಂಗ್ಲಿಷಿನವರಿಗೆ ಎರಡಕ್ಕೂ ಒಂದೇ ಪದ ನಡೆಯುತ್ತೆ. ನಮಗೆ ಎರಡು ಬೇಕು. ಎರಡು ಪದ ಬಂದ ಕೂಡಲೇ ಪ್ರಶ್ನೆ ಕೂಡ ಎರಡಾಗುತ್ತೆ.

ಇದ್ದ ಮಾಸ್ತರನ್ನ ಎಬ್ಬಿಸಿ ಮಷೀನ್ ಕೂರಿಸ್ತಾರಾ ಅನ್ನೋದು ಬೆಂಗಳೂರಿನ ದೊಡ್ಡ ಫೀ ಸ್ಕೂಲಿನ ಪ್ರಶ್ನೆ. ಮಾಸ್ತರೇ ಇಲ್ಲದ ಜಾಗಕ್ಕೆ ಮಷೀನ್ ಬಂದ್ರೆ ಬೇಡ ಅನ್ನೋಕೆ ನಮಗೆ ಬಾಯಿ ಐತೇನು? ಇದು ನಮ್ಮ ಕಡೆ ಪ್ರಶ್ನೆ. ಕೇಂದ್ರ ಸರ್ಕಾರದ ಯುಡೈಸ್ ಲೆಕ್ಕದಲ್ಲಿ 2024-25ಕ್ಕೆ ದೇಶದಲ್ಲಿ ಒಂದು ಲಕ್ಷಕ್ಕಿಂತ ಜಾಸ್ತಿ ಶಾಲೆಗಳು ಏಕೋಪಾಧ್ಯಾಯ ಶಾಲೆ. ಒಬ್ಬರೇ ಮಾಸ್ತರು, ಎಲ್ಲ ತರಗತಿ, ಎಲ್ಲ ವಿಷಯ. ಅವರು ಮೀಟಿಂಗಿಗೆ ಬಿಇಓ ಆಫೀಸಿಗೆ ಹೋದ ದಿನ ಆ ಶಾಲೆಯಲ್ಲಿ ಎಷ್ಟು ಮಂದಿ ಟೀಚರ್ ಇರ್ತಾರೆ, ನೀವೇ ಲೆಕ್ಕ ಹಾಕ್ರಿ. ಜಗತ್ತಿನ ಲೆಕ್ಕವೂ ಇದೇ ದಾರಿಯಲ್ಲಿದೆ: 2030ರ ಹೊತ್ತಿಗೆ ಇನ್ನೂ 4.4 ಕೋಟಿ ಶಿಕ್ಷಕರು ಬೇಕು ಅಂತ ಯುನೆಸ್ಕೋ ಹೇಳಿದೆ.

ಇನ್ನೊಂದು ಮಾತು. ನಮ್ಮ ಸರ್ಕಾರಿ ಶಾಲೆಗಳಲ್ಲಿ ‘ರಿಪ್ಲೇಸ್’ ಆಗಿ ಬಹಳ ವರ್ಷ ಆಯ್ತು, ಎಐ ಬರೋಕಿಂತ ಮೊದಲೇ. ಕಾಯಂ ಹುದ್ದೆ ಖಾಲಿ ಬಿಟ್ಟು ಅತಿಥಿ ಶಿಕ್ಷಕರನ್ನ ತಂದು ನಿಲ್ಲಿಸಿದ್ದಾರೆ, ಸಾವಿರಗಟ್ಟಲೆ. ತಿಂಗಳಿಗೆ 12 ಸಾವಿರದ ಆಸುಪಾಸು ಗೌರವಧನ, ಬೇಸಿಗೆ ರಜೆಗೆ ಅದೂ ಇಲ್ಲ. ನಮ್ಮ ಸೀನಿಯರ್‌ಗಳಲ್ಲಿ ಎಷ್ಟು ಮಂದಿ ಟಿಇಟಿ ಪಾಸಾಗಿ ಅಲ್ಲೇ ನಿಂತಿದ್ದಾರೆ ಅಂತ ನಿಮಗೆ ಗೊತ್ತು. ರೋಬೋಟ್ ಬಂದು ನೌಕರಿ ಕಸೀತದ ಅಂತ ಅಂಜಿಸೋದು ಸುಲಭ. ಮನುಷ್ಯರನ್ನೇ ಸೋವಿ ದರಕ್ಕೆ ಇಟ್ಟುಕೊಂಡಿದ್ದರ ಬಗ್ಗೆ ಮಾತ್ರ ಯಾವ ಕಾಲೇಜೂ ಡಿಬೇಟ್ ಇಡೋದಿಲ್ಲ.

3/9

‘ಎಐ ಟೀಚರ್’ ಅಂದ್ರೆ ಅಮೆರಿಕ, ಜಪಾನ್ ಅಂತ ಮಾತಾಡೋರಿಗೆ: ಪಕ್ಕದ ಶಿರಸಿಗೆ ಹೋಗ್ರಿ ಸಾಕು.

ಅಲ್ಲಿಯ ಪಿಯು ಕಾಲೇಜಿನ ಉಪನ್ಯಾಸಕರೊಬ್ಬರು ‘ಶಿಕ್ಷಾ’ ಅಂತ ಒಂದು ರೋಬೋಟ್ ಮಾಡಿದರು. ಶಾಲಾ ಹುಡುಗಿಯ ಯೂನಿಫಾರ್ಮ್ ಹಾಕಿದ್ದಾರೆ, ಜಡೆ ಹೆಣೆದಿದ್ದಾರೆ. ನಾಲ್ಕನೇ ತರಗತಿವರೆಗಿನ ಮಕ್ಕಳಿಗೆ ಪದ್ಯ, ಮಗ್ಗಿ, ವಾರಗಳ ಹೆಸರು ಇಂಥವನ್ನ ಹೇಳಿಕೊಡುತ್ತೆ. ಅದಕ್ಕೂ ಮೊದಲು 2019ರಲ್ಲಿ ಬೆಂಗಳೂರಿನ ಇಂಡಸ್ ಇಂಟರ್‌ನ್ಯಾಷನಲ್ ಸ್ಕೂಲ್ ‘ಈಗಲ್’ ಅನ್ನೋ ಹ್ಯೂಮನಾಯ್ಡ್ ರೋಬೋಟ್‌ಗಳನ್ನ ಕ್ಲಾಸಿಗೆ ತಂದಿತ್ತು. 2024ರಲ್ಲಿ ತಿರುವನಂತಪುರದ ಶಾಲೆಯೊಂದರಲ್ಲಿ ‘ಐರಿಸ್’ ಸೀರೆ ಉಟ್ಟುಕೊಂಡು ಬಂತು. ಆ ರೀಲ್ಸ್ ನೀವೆಲ್ಲ ನೋಡೇ ನೋಡಿರ್ತೀರಿ.

(ನನಗೊಂದು ಕುತೂಹಲ: ಟೀಚರ್ ರೋಬೋಟ್‌ಗೆ ಯಾಕ ಯಾವಾಗಲೂ ಸೀರೆ ಅಥವಾ ಜಡೆ? ಪ್ಯಾಂಟು ಶರ್ಟು ಹಾಕಿ, ಕಿಸೆಯಲ್ಲಿ ಎರಡು ಪೆನ್ನು ಇಟ್ಟುಕೊಂಡ ರೋಬೋಟ್ ಸರ್‌ನ ನಾನಂತೂ ನೋಡಿಲ್ಲ. ಇದೊಂದು ಬೇರೆ ಡಿಬೇಟ್.)

ಇದೇ ಹೆಸರಿನ ಇನ್ನೊಂದು ಇದೆ: ‘ಶಿಕ್ಷಾ ಕೋಪೈಲಟ್’. ಮೈಕ್ರೋಸಾಫ್ಟ್ ರಿಸರ್ಚ್ ಮತ್ತು ಶಿಕ್ಷಣ ಫೌಂಡೇಶನ್ ಸೇರಿ 2023ರಲ್ಲಿ ಬೆಂಗಳೂರು ಸುತ್ತಮುತ್ತಲಿನ ಸರ್ಕಾರಿ ಶಾಲೆಗಳಲ್ಲಿ ಪ್ರಯೋಗ ಮಾಡಿದ್ದು. ಅದು ಮಕ್ಕಳ ಮುಂದೆ ಬರೋದೇ ಇಲ್ಲ. ಟೀಚರ್‌ಗೆ ಪಾಠಯೋಜನೆ ಬರೆಯೋಕೆ, ಚಟುವಟಿಕೆ ಹುಡುಕೋಕೆ ಸಹಾಯ ಮಾಡುತ್ತೆ. ಪಾಠಯೋಜನೆ ಬರೆದು ಬರೆದು ಬೆರಳು ಸವೆಸಿಕೊಂಡ ನಮಗೆ ಇದರ ಬೆಲೆ ಗೊತ್ತು.

ಒಂದು ಶಿಕ್ಷಾ ಮಗುವಿನ ಮುಂದೆ ನಿಲ್ಲುತ್ತೆ, ಇನ್ನೊಂದು ಮಾಸ್ತರ ಬೆನ್ನ ಹಿಂದೆ. ಇಂಗ್ಲಿಷ್ ಕ್ಲಾಸಿನಲ್ಲಿ ‘ಎಐ’ ಅಂತ ಗಾಳಿಗೆ ಗುದ್ದೋ ಬದಲು ಈ ಎರಡರ ಫೋಟೋ ತೋರಿಸಿ, ‘ಇದರೊಳಗ ಯಾವುದು ನಿಮ್ಮ ಶಾಲಿಗೆ ಬೇಕು? ಯಾಕ?’ ಅಂತ ಕೇಳ್ರಿ. ‘ಬಿಕಾಸ್’ ಅನ್ನೋ ಪದ ಹುಡುಗರ ಬಾಯಲ್ಲಿ ತಾನೇ ಬರುತ್ತೆ.

4/9

ಟೀಚರ್ ಇಲ್ಲದೆ ಬರೀ ಸ್ಕ್ರೀನ್ ಇದ್ರೆ ಏನಾಗುತ್ತೆ? ಇದಕ್ಕೆ ಭವಿಷ್ಯ ಹೇಳೋದು ಬೇಕಿಲ್ಲ. ನಾವು ಅದನ್ನ ಅನುಭವಿಸಿ ಬಂದ ಬ್ಯಾಚ್.

2020. ಶಾಲೆ ಬಂದ್. ಚಂದನ ವಾಹಿನಿಯಲ್ಲಿ ‘ಸಂವೇದ’ ಪಾಠ. ಪಾಠ ಮಾಡಿದವರು ಒಳ್ಳೆಯ ಟೀಚರ್‌ಗಳೇ, ಅದರ ಬಗ್ಗೆ ಎರಡು ಮಾತಿಲ್ಲ. ಆದ್ರೆ ಕರೆಂಟ್ ಹೋದ್ರೆ ಪಾಠ ಹೋಯ್ತು, ತಿಳೀಲಿಲ್ಲ ಅಂದ್ರೆ ಟಿವಿಗೆ ಕೈ ಎತ್ತಿ ಏನು ಮಾಡೋದು? ಅದಕ್ಕೇ ಆಗಸ್ಟ್‌ನಲ್ಲಿ ‘ವಿದ್ಯಾಗಮ’ ಬಂತು. ಮಾಸ್ತರು ಟೀಚರ್‌ಗಳು ಓಣಿಗೇ ಬಂದು ಗುಡಿ ಕಟ್ಟೆ, ಸಮುದಾಯ ಭವನ, ಮರದ ನೆರಳು ಸಿಕ್ಕಲ್ಲಿ ಕೂತು ಪಾಠ ಮಾಡಿದರು. ಸೋಂಕಿನ ಭಯಕ್ಕೆ ಅಕ್ಟೋಬರ್‌ನಲ್ಲಿ ಅದೂ ನಿಂತಿತು. ಆಮೇಲೆ ಅಸರ್ ಸಂಸ್ಥೆಯವರು ನಮ್ಮ ರಾಜ್ಯದ ಹಳ್ಳಿಗಳಲ್ಲಿ ಸಮೀಕ್ಷೆ ಮಾಡಿ ನೋಡಿದ್ರೆ, ಎರಡನೇ ತರಗತಿ ಪಾಠ ಓದಬಲ್ಲ ಮೂರನೇ ತರಗತಿ ಮಕ್ಕಳ ಪ್ರಮಾಣ 2018ರಲ್ಲಿ ಇದ್ದದ್ದಕ್ಕಿಂತ ಹೆಚ್ಚುಕಮ್ಮಿ ಅರ್ಧಕ್ಕೆ ಇಳಿದಿತ್ತು.

ಟಿವಿ ಬೇರೆ, ಎಐ ಬೇರೆ ಅಂತೀರಿ. ಒಪ್ಪಿದೆ. ಟಿವಿ ಉತ್ತರ ಕೊಡೋದಿಲ್ಲ, ಇದು ಕೊಡುತ್ತೆ. ಆದ್ರೂ ಈ ಹಾಡು ಹಳೇದು ಅನ್ನೋದು ನೆನಪಿರಲಿ. 1913ರಲ್ಲೇ ಥಾಮಸ್ ಎಡಿಸನ್, ಶಾಲೆಯಿಂದ ಪುಸ್ತಕ ಹೋಗಿ ಸಿನಿಮಾ ಬರುತ್ತೆ, ಹತ್ತು ವರ್ಷದಲ್ಲಿ ಶಾಲೆಯೇ ಬದಲಾಗುತ್ತೆ ಅಂದಿದ್ದ. 2004ರಲ್ಲಿ ನಮ್ಮವರು ಶಿಕ್ಷಣಕ್ಕೆ ಅಂತಲೇ ‘ಎಜುಸ್ಯಾಟ್’ ಉಪಗ್ರಹ ಹಾರಿಸಿದರು, ಚಾಮರಾಜನಗರದ ಪ್ರಾಥಮಿಕ ಶಾಲೆಗಳಲ್ಲಿ ಅದರ ಪ್ರಯೋಗ ಆಯ್ತು. ಎಲ್ಲ ಸಲವೂ ಡಬ್ಬಿ ಬಂತು. ಮಾಸ್ತರ ಕೊರತೆ ಇದ್ದಲ್ಲೇ ಇತ್ತು.

5/9

ಈಗ ಎಐ ಬಗ್ಗೆಯೇ ಆದ ಎರಡು ಪ್ರಯೋಗ. ಇವು ನಿಮ್ಮ ಡಿಬೇಟಿಗೆ ‘ನೋ ಎಮೋಷನ್ಸ್’ ಅನ್ನೋದಕ್ಕಿಂತ ನೂರುಪಟ್ಟು ಉಪಯೋಗ.

ಒಂದು, ಟರ್ಕಿ ದೇಶದ ಹೈಸ್ಕೂಲಿನಲ್ಲಿ. ಸುಮಾರು ಒಂದು ಸಾವಿರ ವಿದ್ಯಾರ್ಥಿಗಳು, ಗಣಿತ. ಕೆಲವರಿಗೆ ಸೀದಾ ಚಾಟ್‌ಜಿಪಿಟಿ ಥರದ್ದು ಕೊಟ್ಟರು. ಕೆಲವರಿಗೆ ಉತ್ತರ ಬಾಯಿಬಿಡದೆ ಸುಳಿವು ಮಾತ್ರ ಕೊಡೋ ಹಾಗೆ ಟೀಚರ್‌ಗಳ ಸಹಾಯದಿಂದ ತಯಾರು ಮಾಡಿದ್ದು ಕೊಟ್ಟರು. ಇನ್ನು ಕೆಲವರಿಗೆ ಪುಸ್ತಕ, ನೋಟ್ಸ್ ಅಷ್ಟೇ. ಅಭ್ಯಾಸ ಮಾಡುವಾಗ ಮೊದಲನೇ ಗುಂಪು ಪುಸ್ತಕದವರಿಗಿಂತ 48% ಮುಂದೆ. ಎರಡನೇ ಗುಂಪು 127% ಮುಂದೆ. ಏನು ಛಂದ ಅಲ್ಲ? ಆಮೇಲೆ ಎಐ ಕಸಿದುಕೊಂಡು ಪರೀಕ್ಷೆ ಕೊಟ್ಟರು. ಸೀದಾ ಉತ್ತರ ಸಿಗ್ತಿದ್ದ ಗುಂಪು ಎಐ ಮುಟ್ಟದೇ ಇದ್ದವರಿಗಿಂತ 17% ಹಿಂದೆ ಬಿತ್ತು. ಸುಳಿವಿನ ಗುಂಪಿಗೆ ಅಂಥ ನಷ್ಟ ಆಗಲಿಲ್ಲ, ದೊಡ್ಡ ಲಾಭವೂ ಆಗಲಿಲ್ಲ. 2024ರಲ್ಲಿ ಇದು ಹೊರಬಂತು.

ನಮ್ಮ ಭಾಷೆಯಲ್ಲಿ ಹೇಳಬೇಕಂದ್ರೆ ಗೈಡ್ ನೋಡಿ ಬರೆದ ಹೋಮ್‌ವರ್ಕ್. ನೋಟ್‌ಬುಕ್ ತುಂಬಿರುತ್ತೆ, ತಲೆ ಖಾಲಿ.

ಎರಡನೇದು ನೈಜೀರಿಯಾ, ಎಡೋ ರಾಜ್ಯ, ಅದೂ 2024ರದ್ದೇ. ಇದು ನಮಗೆ ಇನ್ನೂ ಹತ್ತಿರ, ಯಾಕಂದ್ರೆ ವಿಷಯ ಇಂಗ್ಲಿಷ್. ವಿಶ್ವಬ್ಯಾಂಕ್ ನಡೆಸಿದ್ದು. ಆರು ವಾರ, ಶಾಲೆ ಬಿಟ್ಟ ಮೇಲೆ ಹುಡುಗರು ಕಂಪ್ಯೂಟರ್ ಮುಂದೆ ಕೂತು ಎಐ ಜೊತೆ ಇಂಗ್ಲಿಷ್ ಕಲಿತರು. ಮಳೆ, ಮುಷ್ಕರ, ಶಾಲೆ ಬಿಟ್ಟ ಮೇಲಿನ ಕೆಲಸ ಎಲ್ಲ ಅಡ್ಡ ಬಂದ್ವು, ಆದ್ರೂ ಬಂದವರು ಕಲಿತರು. ಹೆಚ್ಚು ದಿನ ಬಂದವರು ಹೆಚ್ಚು ಕಲಿತರು. ಮೊದಲು ಹಿಂದಿದ್ದ ಹುಡುಗಿಯರಿಗೆ ಲಾಭ ಇನ್ನೂ ಜಾಸ್ತಿ ಆಯ್ತು. ಇದನ್ನ ಪೇಪರಿನಲ್ಲಿ ‘ಎಐ ಕಲಿಸಿತು’ ಅಂತ ಬರೀತಾರೆ. ಆದ್ರೆ ಆ ಕೋಣೆಯಲ್ಲಿ ಟೀಚರ್‌ಗಳಿದ್ದರು. ಯಾವ ಪ್ರಶ್ನೆಯಿಂದ ಶುರು ಮಾಡಬೇಕು ಅಂತ ಹೇಳ್ತಿದ್ದರು, ಸುತ್ತ ಓಡಾಡಿ ನೋಡ್ತಿದ್ದರು, ಕೊನೆಗೆ ಕೂರಿಸಿ ಏನು ಕಲಿತ್ರಿ ಅಂತ ಕೇಳ್ತಿದ್ದರು.

ಎರಡೂ ಕಡೆ ಎಐ ಇತ್ತು. ಟರ್ಕಿಯಲ್ಲಿ ಸೀದಾ ಕೈಗಿಟ್ಟ ಗುಂಪಿಗೆ ನಷ್ಟ, ನೈಜೀರಿಯಾದಲ್ಲಿ ಪಕ್ಕಕ್ಕೆ ಟೀಚರ್ ನಿಂತಾಗ ಲಾಭ. ವಿಷಯ ಬೇರೆ, ದೇಶ ಬೇರೆ, ಹಾಗಾಗಿ ಇದನ್ನೇ ಕೊನೆಯ ತೀರ್ಪು ಅಂತ ನಾನು ಹೇಳೋದಿಲ್ಲ. ಆದ್ರೆ ಡಿಬೇಟ್ ಮಾಡೋಕೆ ಕೈಯಲ್ಲಿ ಏನಾದ್ರೂ ಇರಬೇಕಲ್ಲ, ಇದು ಇರಲಿ.

6/9

ಈಗ ಕ್ಲಾಸಿನ ಒಳಗಿನ ನಿಜವಾದ ತೊಡಕಿಗೆ ಬರೋಣ.

‘ಸರ್ ಬೇಕಾ ಬ್ಯಾಡಾ’ ಅಂತ ಸರ್ ಮುಂದೆಯೇ ಕೇಳಿದ್ರೆ ಯಾವ ಹುಡುಗ ಬ್ಯಾಡ ಅಂತಾನ? ಇಂಟರ್ನಲ್ ಮಾರ್ಕ್ಸ್ ಅವರ ಕೈಯಲ್ಲಿ. ಅದಕ್ಕೇ ಎಲ್ಲರೂ ಗುರುಬ್ರಹ್ಮ, ಗೋವಿಂದಭಟ್ಟರು–ಷರೀಫರು ಅಂತ ಶುರು ಮಾಡ್ತಾರೆ. ಶಿಶುನಾಳ ನಮ್ಮದೇ ಜಿಲ್ಲೆ, ನನಗೂ ಹೆಮ್ಮೆ ಐತಿ. ಆದ್ರೆ ಅದು ಆ ಪ್ರಶ್ನೆಗೆ ಉತ್ತರ ಅಲ್ಲ, ಪ್ರಶ್ನೆಯಿಂದ ತಪ್ಪಿಸಿಕೊಳ್ಳೋ ದಾರಿ. ಎಂಥ ಗುರು ಸಿಕ್ಕರೆ ಷರೀಫರಾಗ್ತಾರೆ ಅಂತ ಮುಂದೆ ಕೇಳಿದ್ರೆ ಅದು ಉತ್ತರ ಆಗಬಹುದು, ಅಲ್ಲಿಗೆ ಯಾರೂ ಹೋಗೋದಿಲ್ಲ.

ಇಂಟರ್ನ್‌ಶಿಪ್‌ನಲ್ಲಿ ರಾಣೇಬೆನ್ನೂರು ತಾಲೂಕಿನ ಒಂದು ಹೈಸ್ಕೂಲಿನ ಒಂಬತ್ತನೇ ಕ್ಲಾಸಿಗೆ ನಾನು ಇದನ್ನ ಬೇರೆ ಥರ ಮಾಡಿದೆ. ಮೊದಲ ಹದಿನೈದು ನಿಮಿಷ ಇಂಗ್ಲಿಷ್ ಬಂದ್, ಪೂರ್ತಿ ಕನ್ನಡ. ಬೋರ್ಡಿನ ಮೇಲೆ ಒಂದೇ ಪ್ರಶ್ನೆ: ‘ನಿಮ್ಮ ಟೀಚರ್ ದಿನಾ ಏನೇನ್ ಮಾಡ್ತಾರ?’

ಪಟ್ಟಿ ನೋಡ್ರಿ. ಹಾಜರಿ ಹಾಕ್ತಾರ. ಎಸ್‌ಎಟಿಎಸ್ ತುಂಬ್ತಾರ. ಮೊಟ್ಟಿ ಎಣಸ್ತಾರ. ಸ್ಕಾಲರ್‌ಶಿಪ್ ಫಾರ್ಮ್, ಆಧಾರ್ ಲಿಂಕ್. ಮೀಟಿಂಗಿಗೆ ಹೋಗ್ತಾರ. ವಾಟ್ಸಾಪಿನ್ಯಾಗ ಫೋಟೋ ಹಾಕ್ತಾರ. ಪಾಠ ಅನ್ನೋದು ಪಟ್ಟಿಯಲ್ಲಿ ಏಳನೆಯದಾಗಿ ಬಂತು! ಹಿಂದೆ ಕೂತಿದ್ದ ಟೀಚರ್ ಜೋರಾಗಿ ನಕ್ಕುಬಿಟ್ಟರು.

‘ಇದರೊಳಗ ಮಷೀನ್ ಯಾವ್ದು ಮಾಡಬಹುದು?’ ಅಂತ ಕೇಳಿದ್ರೆ, ಮೊದಲ ಆರೂ ಮಷೀನಿಗೆ ಕೊಡ್ರಿ ಅಂದ್ರು ಹುಡುಗರು. (ಮೊಟ್ಟೆ ಬಗ್ಗೆ ಮಾತ್ರ ವಾದ ಆಯ್ತು. ಮಷೀನಿಗೆ ಒಡಕು ಮೊಟ್ಟಿ ಗೊತ್ತಾಗ್ತೈತೋ ಇಲ್ಲೋ ಅಂತ.) ಅಂದ್ರೆ ಎಐ ಮೊದಲು ಕಿತ್ತುಕೊಳ್ಳಬಹುದಾದ ಕೆಲಸ ಯಾವುದು ಅಂದ್ರೆ, ಯಾವ ಟೀಚರ್‌ಗೂ ಬೇಡವಾದ ಕೆಲಸ. ಆರು ವಾಕ್ಯದ ಭಾಷಣದಲ್ಲಿ ಈ ವಿಷಯ ನನಗೆ ಒಮ್ಮೆಯೂ ಸಿಕ್ಕಿರಲಿಲ್ಲ.

ಆಮೇಲೆ ನಿಜವಾದ ಮಾತು ಬಂದ್ವು. ಒಬ್ಬ ಹುಡುಗ: ‘ಎಐ ಹೊಡಿಯೂದಿಲ್ರೀ.’ ಕ್ಲಾಸು ಗಪ್ ಆಯ್ತು. ಇನ್ನೊಬ್ಬ: ‘ಎರಡ್ನೇ ಸಲ ಕೇಳಿದ್ರ ಅದಕ್ಕ ಸಿಟ್ಟ ಬರೂದಿಲ್ಲ.’ ಇವೆರಡೂ ಎಐ ಪರವಾಗಿ ನಾನು ಕೇಳಿದ ಅತಿ ಬಲವಾದ ವಾದ. ಮಕ್ಕಳನ್ನ ಹೊಡೆಯಬಾರದು ಅಂತ 2009ರ ಶಿಕ್ಷಣ ಹಕ್ಕು ಕಾಯ್ದೆಯೇ ಹೇಳುತ್ತೆ, ಆದ್ರೂ ಒಂಬತ್ತನೇ ಕ್ಲಾಸಿನ ಹುಡುಗನಿಗೆ ಮಷೀನ್ ಅಂದ ಕೂಡಲೇ ಮೊದಲು ನೆನಪಾಗಿದ್ದು ಅದು. ಟೀಚರ್ ಆಗೋರು ನಾವು ಇದನ್ನ ಕೇಳಿಸಿಕೊಳ್ಳಬೇಕು, ಕೆಮ್ಮಿ ಮುಂದೆ ಹೋಗೋದಲ್ಲ.

ಕೊನೆಗೆ ಮೂಲೆಯ ಬೆಂಚಿನ ಒಬ್ಬಳು ಹುಡುಗಿ ಎದ್ದಳು. ನಿಮಗೆ ಗೊತ್ತು, ನಮ್ಮ ಕಡೆ ಸೀಡ್ಸ್ ಪ್ಲಾಟಿನಲ್ಲಿ ಕ್ರಾಸಿಂಗ್ ಸೀಸನ್ ಬಂದ್ರೆ ಕ್ಲಾಸಿನಲ್ಲಿ ಹುಡುಗಿಯರ ಬೆಂಚು ಖಾಲಿ ಆಗುತ್ತೆ. ಹೈಬ್ರಿಡ್ ಬೀಜಕ್ಕೆ ಒಂದೊಂದು ಹೂವಿಗೂ ಕೈಯಲ್ಲೇ ಪರಾಗ ಮುಟ್ಟಿಸಬೇಕು, ಸಣ್ಣ ಬೆರಳು ಬೇಕು ಅಂತ ಕರೀತಾರೆ. ಅವಳು ಅಂದಿದ್ದು ಇಷ್ಟೇ: ‘ನಾ ಕ್ರಾಸಿಂಗಿಗೆ ಹೋದಾಗ ಟೀಚರ್ ಮನಿಗೆ ಬಂದು ಅವ್ವಗ ಬೈದು ಕರ್ಕೊಂಡ್ ಬಂದ್ರು. ಮಷೀನ್ ಮನಿಗೆ ಬರ್ತೈತೇನ್ರೀ?’

ಅದನ್ನ ಎಲ್ಲರೂ ಸೇರಿ ಇಂಗ್ಲಿಷಿಗೆ ತಂದ್ವಿ: ‘ವಿಲ್ ದ ಮಷೀನ್ ಕಮ್ ಟು ಮೈ ಹೌಸ್?’ ಏಳು ಪದ. ಅವಳೇ ನಿಂತು ಹೇಳಿದಳು, ಎರಡು ಸಲ, ಎರಡನೇ ಸಲ ಇನ್ನೂ ಜೋರಾಗಿ. ‘ಎವೆರಿ ಕಾಯಿನ್’ ಅನ್ನೋದನ್ನ ಬಾಯಿಪಾಠ ಮಾಡಿ ಹೇಳೋ ಹುಡುಗನಿಗಿಂತ ಆವತ್ತು ಅವಳು ಇಂಗ್ಲಿಷ್ ಜಾಸ್ತಿ ಮಾತಾಡಿದಳು ಅಂತ ನನ್ನ ಅಭಿಪ್ರಾಯ.

7/9

ಬ್ಯಾಡಗಿಯವರೇ, ಇದು ನಿಮಗೆ.

ನಿಮ್ಮ ಮೆಣಸಿನಕಾಯಿ ಮಾರ್ಕೆಟಿನಲ್ಲಿ ಇ-ಟೆಂಡರ್ ಇದೆ. ರೇಟು ಕಂಪ್ಯೂಟರಿನಲ್ಲಿ ಬರುತ್ತೆ. ಆದ್ರೆ ರೇಟು ಹಾಕೋಕೆ ಮೊದಲು ಖರೀದಿದಾರ ಲಾಟ್ ಮುಂದೆ ನಿಂತು ಕಾಯಿ ಮುರಿದು ನೋಡ್ತಾನೆ, ಬಣ್ಣ ನೋಡ್ತಾನೆ, ತೇವ ಎಷ್ಟಿದೆ ಅಂತ ಹಿಸುಕಿ ನೋಡ್ತಾನೆ. ಡಬ್ಬಿ ಯಾವುದು ಕಡ್ಡಿ ಯಾವುದು ಅಂತ ಕೈಗೇ ಗೊತ್ತು. ಮಷೀನ್ ಬಂತು ಅಂತ ಆ ಕೈ ಹೋಗಲಿಲ್ಲ. ಕೂಗಿ ಹರಾಜು ಮಾಡೋ ಬಾಯಿ ಮಾತ್ರ ಹೋಯ್ತು. ಹಾಗಾಗಿ ‘ಎಐ ಬಂದ್ರೆ ಯಾವ ಕೆಲಸವೂ ಹೋಗೋದಿಲ್ಲ’ ಅನ್ನೋದು ಸುಳ್ಳು, ‘ಎಲ್ಲ ಹೋಗುತ್ತೆ’ ಅನ್ನೋದೂ ಸುಳ್ಳು. ಯಾವ ಭಾಗ ಹೋಗುತ್ತೆ ಅನ್ನೋದನ್ನ ಕೂತು ಬಿಡಿಸಿ ನೋಡಬೇಕು.

ಇನ್ನೊಂದು. 2024ರ ಮಾರ್ಚ್ 11, ಸೋಮವಾರ. ರೇಟು ಬಿದ್ದಿತು, ರೈತರ ಸಿಟ್ಟು ಎಪಿಎಂಸಿ ಕಚೇರಿಗೆ ನುಗ್ಗಿತು, ವಾಹನಗಳು ಸುಟ್ಟವು. ಸುಟ್ಟಿದ್ದು ಸರಿ ಅಂತ ನಾನು ಹೇಳ್ತಿಲ್ಲ. ನಾನು ಹೇಳೋದು, ರೇಟು ತೋರಿಸಿದ್ದು ಸ್ಕ್ರೀನ್ ಆದ್ರೂ ಕೇಳೋಕೆ ಹೋಗಿದ್ದು ಮನುಷ್ಯರನ್ನ. ಸ್ಕ್ರೀನಿಗೆ ‘ಯಾಕ?’ ಅಂದ್ರೆ ಉತ್ತರ ಇಲ್ಲ.

ಕ್ಲಾಸಿನಲ್ಲೂ ಅದೇ. ಎಐ ನಿಮ್ಮ ತಂಗಿಗೆ ತಪ್ಪು ಕಲಿಸಿತು, ಅವಳು ಎಸ್ಸೆಸ್ಸೆಲ್ಸಿಯಲ್ಲಿ ಇಂಗ್ಲಿಷ್ ಹೋಗಿಸಿಕೊಂಡಳು ಅಂತ ಇಟ್ಕೊಳ್ರಿ. ನಿಮ್ಮಪ್ಪ ಯಾರ ಹತ್ತಿರ ಹೋಗಬೇಕು? ಎಸ್‌ಡಿಎಂಸಿ ಮೀಟಿಂಗಿಗೆ ಯಾರನ್ನ ಕರೆಸಬೇಕು? ಟೀಚರ್ ಕೆಟ್ಟವರಿದ್ರೆ ಬೈಯ್ಯಬಹುದು, ದೂರು ಕೊಡಬಹುದು, ಅವರ ಮನೆ ಮುಂದೆ ಹೋಗಿ ನಿಲ್ಲಬಹುದು. ‘ಹೂ ವಿಲ್ ಆನ್ಸರ್?’ ಅನ್ನೋದು ‘ಎಮೋಷನ್ಸ್’ಗಿಂತ ಗಟ್ಟಿ ಪಾಯಿಂಟ್. ಎಮೋಷನ್ ನಾಟಕ ಮಾಡೋಕೆ ಮಷೀನಿಗೆ ಈಗಾಗಲೇ ಬರುತ್ತೆ.

8/9

ಎಐ ಪರ ಒಂದು ಮಾತು ಹೇಳದೇ ಇದ್ರೆ ಈ ಬರಹ ಮೋಸ ಆಗುತ್ತೆ.

ನಮ್ಮಲ್ಲಿ ಎಷ್ಟು ಮಂದಿ ಕ್ಲಾಸಿನಲ್ಲಿ ಇಂಗ್ಲಿಷ್ ಮಾತಾಡೋದಿಲ್ಲ? ಬರೋದಿಲ್ಲ ಅಂತಲ್ಲ, ನಗ್ತಾರ ಅಂತ. ‘ಹಿ ಗೋ’ ಅಂದ್ರೆ ಹಿಂದಿನ ಬೆಂಚಿನವರು ವಾರಗಟ್ಟಲೆ ಅದನ್ನೇ ಹೆಸರು ಮಾಡಿ ಕರೀತಾರೆ. ಅಂಥವರು ರಾತ್ರಿ ಮನೆಯವರೆಲ್ಲ ಮಲಗಿದ ಮೇಲೆ ಇಯರ್‌ಫೋನ್ ಹಾಕ್ಕೊಂಡು ಫೋನಿನ ಜೊತೆ ಇಂಗ್ಲಿಷ್ ಮಾತಾಡ್ತಾರೆ. ನೂರು ಸಲ ತಪ್ಪಿದ್ರೂ ಅದು ನಗೋದಿಲ್ಲ. ನನ್ನ ರೂಮಿನ ಗೆಳತಿಯೊಬ್ಬಳು ಹಾಗೇ ಮಾತಾಡೋಕೆ ಕಲಿತದ್ದನ್ನ ನಾನು ಕಣ್ಣಾರೆ ನೋಡಿದ್ದೀನಿ. ಆ ಧೈರ್ಯ ನಾವು ಯಾರೂ ಅವಳಿಗೆ ಕೊಡಲಿಲ್ಲ, ಫೋನು ಕೊಟ್ಟಿತು. ‘ಎಐ ಟೀಚರ್ ಆಗೋಕೆ ಸಾಧ್ಯವೇ ಇಲ್ಲ’ ಅಂತ ಸ್ಟೇಜಿನ ಮೇಲೆ ಕೂಗುವಾಗ ಅವಳ ಮುಖ ನೋಡಿ ಕೂಗ್ರಿ.

ಆದ್ರೆ ಅದಕ್ಕೆ ನಮ್ಮ ಭಾಷೆ ಪೂರ್ತಿ ಗೊತ್ತಿಲ್ಲ. ‘ಮಳಿ ಹಿಡ್ಕೊಂಡೈತಿ, ಶಾಲಿಗೆ ಹೋಗೂದು ಆಗಂಗಿಲ್ಲ’ ಅಂತ ನಾನೊಮ್ಮೆ ಹೇಳಿದ್ರೆ, ಮಳೆಯನ್ನ ಯಾರೋ ಕೈಯಲ್ಲಿ ಹಿಡಿದ ಹಾಗೆ ಇಂಗ್ಲಿಷ್ ಮಾಡಿಕೊಟ್ಟಿತು. ನಾಳೆ ಕಲಿಯಬಹುದು, ದಿನಾ ಕಲೀತಾನೇ ಇದೆ. ಇವತ್ತಿಗಂತೂ ಹಾವೇರಿ ಹುಡುಗನ ಕನ್ನಡದಿಂದ ಇಂಗ್ಲಿಷಿಗೆ ಸೇತುವೆ ಹಾಕೋಕೆ ಎರಡೂ ದಂಡೆ ಗೊತ್ತಿರೋ ಮನುಷ್ಯರು ಬೇಕು.

ಅಂಥ ಇಂಗ್ಲಿಷ್ ಮಾಸ್ತರು ಈ ಮಣ್ಣಿನಲ್ಲೇ ಇದ್ದರು. ಸವಣೂರಿನಲ್ಲಿ ಹುಟ್ಟಿದ ವಿ. ಕೃ. ಗೋಕಾಕ್ ಆಕ್ಸ್‌ಫರ್ಡ್‌ನಲ್ಲಿ ಓದಿ ಬಂದ ಇಂಗ್ಲಿಷ್ ಪ್ರಾಧ್ಯಾಪಕ, ಕನ್ನಡಕ್ಕೆ ಮೊದಲ ಸ್ಥಾನ ಕೊಡಿ ಅಂದ ವರದಿಗೆ ಅವರದ್ದೇ ಹೆಸರು. ಹತ್ತಿಮತ್ತೂರಿನ ಚಂಪಾ ಧಾರವಾಡದಲ್ಲಿ ಇಂಗ್ಲಿಷ್ ಕಲಿಸ್ತಾನೇ ಕನ್ನಡದ ಚಳವಳಿಗೆ ಇಳಿದವರು. ಅವರಿಗೆ ಇಂಗ್ಲಿಷ್ ಅಂದ್ರೆ ಜಗಳಾಡೋಕೂ ಬರೋ ಭಾಷೆ ಆಗಿತ್ತು, ಬರೀ ಇಂಟರ್‌ವ್ಯೂ ಭಾಷೆ ಅಲ್ಲ.

ಇದೇ ಜಿಲ್ಲೆಯಲ್ಲಿ 2023ರಲ್ಲಿ ವಿಶ್ವವಿದ್ಯಾಲಯ ಆಯ್ತು. 2025ರ ಫೆಬ್ರುವರಿಯಲ್ಲಿ ಸಂಪುಟ ಉಪಸಮಿತಿ ಮುಚ್ಚಬಹುದು ಅಂತ ಮಾಡಿದ ಒಂಬತ್ತು ವಿಶ್ವವಿದ್ಯಾಲಯಗಳ ಪಟ್ಟಿಯಲ್ಲಿ ಅದೂ ಇತ್ತು. ದುಡ್ಡಿಲ್ಲ ಅನ್ನೋದು ಕಾರಣ. ಇನ್ನೊಮ್ಮೆ ಯಾರಾದ್ರೂ ‘ಎಐ ಟೀಚರ್ಸ್‌ನ ರಿಪ್ಲೇಸ್ ಮಾಡುತ್ತಾ’ ಅಂದ್ರೆ ಇದನ್ನೂ ಮೇಜಿನ ಮೇಲೆ ಇಡ್ರಿ.

9/9

ಹಾಗಾದ್ರೆ ಕಲಿಸೋದು ಹೆಂಗ?

ನಾನಂತೂ ಮೂರು ಪದದಿಂದ ಶುರು ಮಾಡ್ತೀನಿ: ವಿಲ್, ಕ್ಯಾನ್, ಶುಡ್. ವ್ಯಾಕರಣದ ಪಾಠವೂ ಆಯ್ತು, ಡಿಬೇಟೂ ಆಯ್ತು. ‘ವಿಲ್’ ಅಂದ್ರೆ ಬರುತ್ತಾ. ಅದು ಜ್ಯೋತಿಷ್ಯ, ನಿಮಗೂ ಗೊತ್ತಿಲ್ಲ ನನಗೂ ಗೊತ್ತಿಲ್ಲ. ‘ಕ್ಯಾನ್’ ಅಂದ್ರೆ ಅದಕ್ಕೆ ಆಗುತ್ತಾ. ಅದು ಪರೀಕ್ಷೆ ಮಾಡಿ ನೋಡೋ ಮಾತು, ಫೋನ್ ತೆಗೆದು ಕ್ಲಾಸಿನಲ್ಲೇ ನೋಡಬಹುದು. ‘ಶುಡ್’ ಅಂದ್ರೆ ಬರಬೇಕಾ. ಇಲ್ಲಿ ಮಾತ್ರ ನಮ್ಮ ಓಟು ಇದೆ. ನಮಗೆ ಯಾವಾಗಲೂ ‘ವಿಲ್’ ಕೊಟ್ಟು ಕೂರಿಸ್ತಾರೆ, ಯಾಕಂದ್ರೆ ‘ವಿಲ್’ ಅಂದಾಗ ಯಾರಿಗೂ ಏನೂ ಕೇಳಬೇಕಾಗಿಲ್ಲ. ‘ಶುಡ್’ ಅಂದ್ರೆ ಯಾರು ತೀರ್ಮಾನ ಮಾಡೋರು, ದುಡ್ಡು ಯಾರದು ಅಂತ ಪ್ರಶ್ನೆ ಏಳುತ್ತೆ.

ಮತ್ತೆ ವಿರೋಧ ಮಾಡೋದನ್ನ ಕಲಿಸಬೇಕು. ‘ಐ ಡಿಸಗ್ರೀ’ ಅಂತ ಪುಸ್ತಕದಲ್ಲಿದೆ, ನಮ್ಮ ಹುಡುಗರ ಬಾಯಲ್ಲಿ ಬರೋದಿಲ್ಲ, ಮುಖಕ್ಕೆ ಹೊಡೆದ ಹಾಗಿರುತ್ತೆ. ಆದ್ರೆ ‘ಅದು ಹಂಗಲ್ರೀ ಸರ್, ನಾ ಏನ್ ಅಂತೀನಂದ್ರ...’ ಅನ್ನೋದು ಎಲ್ಲರಿಗೂ ಬರುತ್ತೆ, ಅದೇ ನಮ್ಮ ‘ಡಿಸಗ್ರೀ’. ಅದರ ಇಂಗ್ಲಿಷ್ ಹುಡುಕೋಕೆ ಹುಡುಗರನ್ನೇ ಬಿಡ್ರಿ. ‘ಸರ್, ಇಟ್ಸ್ ನಾಟ್ ಲೈಕ್ ದಟ್, ವಾಟ್ ಐ ಆ್ಯಮ್ ಸೇಯಿಂಗ್ ಈಸ್’ ಅಂತ ಬಂದ್ರೂ ಸಾಕು, ಮೊದಲ ದಿನಕ್ಕೆ ಅದು ಭಾರಿ.

ಬರೋ ಶನಿವಾರದ ನಮ್ಮ ಗುಂಪಿನ ಪ್ರಾಕ್ಟೀಸಿಗೆ ಹಳೇ ಟಾಪಿಕ್ ಕೈಬಿಟ್ಟಿದ್ದೀನಿ. ಚೀಟಿ ಎತ್ತೋದು ಇವುಗಳಲ್ಲಿ: ನಮ್ಮ ಶಾಲೆಗೆ 5 ಲಕ್ಷ ಬಂದ್ರೆ ರೋಬೋಟ್ ತರೋದಾ, ಅತಿಥಿ ಟೀಚರ್‌ಗೆ ಪೂರ್ತಿ ವರ್ಷದ ಪಗಾರ ಕೊಡೋದಾ? ಎಸ್‌ಎಟಿಎಸ್ ಕೆಲಸ ಎಐಗೆ ಕೊಟ್ರೆ ಉಳಿದ ಹೊತ್ತಿನಲ್ಲಿ ಟೀಚರ್ ಏನು ಮಾಡಬೇಕು? ಹೊಡೆಯೋ ಸರ್, ಹೊಡೆಯದ ಮಷೀನ್, ಎರಡೇ ಇದ್ರೆ ಯಾವುದು? ಕೊನೆಯದಕ್ಕೆ ಹುಡುಗರು ಹೆದರ್ತಾರೆ, ಹಾಗಾಗಿ ಅದನ್ನ ನಾನೇ ಮೊದಲು ಎತ್ತಿಕೊಂಡು, ಮಷೀನ್ ಪರ ಮಾತಾಡ್ತೀನಿ. ಟೀಚರ್ ಪರ ಯಾರು ನಿಲ್ತೀರಿ, ಶುಕ್ರವಾರದೊಳಗ ಹೆಸರು ಕೊಡ್ರಿ. ಫೋನು ಬ್ಯಾಗಿನಲ್ಲಿರಲಿ, ‘ಎವೆರಿ ಕಾಯಿನ್’ ಅಂದವರಿಗೆ ಎಲ್ಲರ ಚಹಾದ ಬಿಲ್ಲು.

#ಹಾವೇರಿ #ರಾಣೇಬೆನ್ನೂರು #ಬ್ಯಾಡಗಿ #ಬಿಎಡ್‌ದಿನಗಳು #ಇಂಗ್ಲಿಷ್‌ಕ್ಲಾಸು